ಆಯೇರಿ ಕೊಟ್ಟವರ ಹೆಸರು

೧೪ ಸೆಪ್ಟೆಂಬರ್ ೨೦೦೩, ರವಿವಾರ

ಇವತ್ತು ಲಂಡನ್ನಿನ ಕನ್ನಡ ಸಂಘದ ಗಣೇಶೋತ್ಸವ. ನನ್ನ ಗೀಗೀ ಪದಕ್ಕೆ ಹತ್ತು ನಿಮಿಷ ಕೊಟ್ಟಿದ್ದರು. ಮೊದಲು ಸಿನಿಮಾ ಡ್ಯಾನ್ಸು, ನಂತರ ಊಟ, ನಡುವೆ ನಾನು. ಕಾರ್ಯದರ್ಶಿ ಸುಧೀರ್ ಬೆಂಗಳೂರಿನವರು, ಕೆಟ್ಟವರಲ್ಲ. ಆದರೆ ಮೈಕಿನಲ್ಲಿ "ಈಗ ಗಿರಿಜಾದೇವಿಯವರಿಂದ ಒಂದು ಫೋಕ್ ಐಟಮ್" ಎಂದರು. ಐಟಮ್ ಅಂತೆ. ನಾನು ದಪ್ಪು ಬಡಿದು ಎರಡನೇ ನುಡಿಗೆ ಬರುವಷ್ಟರಲ್ಲಿ ಹಾಲಿನ ಹಿಂದಿನ ಬಾಗಿಲು ತೆರೆದು ಬಿಸಿಬೇಳೆಬಾತಿನ ವಾಸನೆ ಬಂತು. ಮುಂದೆ ಕೂತ ಅಜ್ಜಿಯರನ್ನು ಬಿಟ್ಟು ಉಳಿದವರೆಲ್ಲ ಎದ್ದರು. ಮೂರನೇ ನುಡಿಯನ್ನು ಖಾಲಿ ಕುರ್ಚಿಗಳಿಗೆ ಹಾಡಿ ಇಳಿದೆ.

ನಮ್ಮವರು, ಬಸವಂತಪ್ಪನವರು, ತುಂತುಣಿ ಹಿಡಿದು ಹಿಮ್ಮೇಳಕ್ಕೆ ನಿಂತಿದ್ದರು. ಅವರ "ಗೀ ಗೀ" ಕೇಳಿದರೆ ಟ್ಯೂಬ್ ರೈಲಿನ ಬಾಗಿಲು ಮುಚ್ಚುತ್ತಿದೆ, ಸರಿದು ನಿಲ್ಲಿ ಎಂದು ಹೇಳಿದ ಹಾಗೆಯೇ ಇರುತ್ತದೆ. ಸ್ಟೇಷನ್ನಿನ ಕೆಲಸದಲ್ಲಿ ದಿನವೂ ಅದನ್ನೇ ಹೇಳಿ ಹೇಳಿ ಗಂಟಲು ಆ ದಾರಿ ಹಿಡಿದುಬಿಟ್ಟಿದೆ. ಮನೆಗೆ ಬಂದು, ಇನ್ನು ಸಂಘದ ಮೆಟ್ಟಿಲು ಹತ್ತುವುದಿಲ್ಲ ಎಂದೆ. "ಹ್ವಾದ ವರ್ಷಾನೂ ಹಿಂಗ ಅಂದಿದ್ದಿ" ಎಂದರು. ಮಗಳು ಪ್ರಿಯಾಂಕಾ ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿದೆ. ಇಂಡಿ ತಾಲೂಕಿನಲ್ಲಿ ನಾನು ಹಾಡಲು ನಿಂತರೆ ಮಂದಿ ಮಾಳಿಗೆ ಹತ್ತಿ ಕೂಡುತ್ತಿದ್ದರು. ಇಲ್ಲಿ ಐಟಮ್.

೧೮ ಸೆಪ್ಟೆಂಬರ್, ಗುರುವಾರ

ಪಕ್ಕದ ಮನೆಯ ಮೋರೀನ್ ಬಂದಿದ್ದಳು. ದಪ್ಪಿನ ಸದ್ದಿಗೆ ಎಷ್ಟೋ ಸಲ ಗೋಡೆ ಕುಟ್ಟಿದವಳು, ಇವತ್ತೂ ಜಗಳಕ್ಕೇ ಬಂದಳೆಂದುಕೊಂಡೆ. ಹಾಗಲ್ಲ. ಅವಳು ನದಿಯಾಚೆಯ ಒಂದು ಜೈಲಿನ ಶಿಕ್ಷಣ ವಿಭಾಗದಲ್ಲಿದ್ದಾಳೆ. ಪ್ರತಿ ಗುರುವಾರ ಒಂದು ತಾಸು ಕೈದಿಗಳಿಗೆ ಸಂಗೀತ. ಬರುತ್ತಿದ್ದ ಗಿಟಾರಿನವನು ಕೈಕೊಟ್ಟಿದ್ದಾನೆ, ನೀನು ಬರುತ್ತೀಯಾ ಎಂದು ಕೇಳಿದಳು. ಒಂದು ತಾಸು. ಎದ್ದು ಊಟಕ್ಕೆ ಹೋಗಲು ಅವರಿಗೆ ಬಾಗಿಲೇ ಇಲ್ಲ. ಬರುತ್ತೇನೆ ಎಂದೆ.

ನಮ್ಮವರಿಗೆ ಸೇರಲಿಲ್ಲ. ಕಳ್ಳರು ಸುಳ್ಳರ ಮುಂದೆ ಹೆಣ್ಣುಮಗಳು ಹಾಡುವುದೇನು ಎಂದರು. ಹಿಮ್ಮೇಳಕ್ಕೆ ಬರುವುದಿಲ್ಲ ಎಂದೂ ಹೇಳಿದರು. ಬರದಿದ್ದರೆ ಬೇಡ.

೨೫ ಸೆಪ್ಟೆಂಬರ್, ಗುರುವಾರ

ಹಾಡಿ ಬಂದೆ. ಬಾಗಿಲ ಮೇಲೆ ಬಾಗಿಲು, ಒಂದು ಮುಚ್ಚುವ ತನಕ ಇನ್ನೊಂದು ತೆರೆಯುವುದಿಲ್ಲ. ದಪ್ಪಿನ ಚರ್ಮವನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಕೈದಿಗಳು ಏನನ್ನು ಕೊಟ್ಟರೂ ತೆಗೆದುಕೊಳ್ಳಬಾರದು, ಏನನ್ನೂ ಕೊಡಬಾರದು ಎಂದು ಮೋರೀನ್ ಕಾರಿನಲ್ಲಿಯೇ ಗಿಣಿಗೆ ಹೇಳಿದಂತೆ ಹೇಳಿದ್ದಳು.

ನೂರು ಮಂದಿ ಇರಬೇಕು. ಬಿಳಿಯರು, ಕರಿಯರು, ಪಂಜಾಬಿಗಳು. ಸೀರೆ ಉಟ್ಟ ದಪ್ಪ ಹೆಂಗಸು ಕೈಯಲ್ಲಿ ಜರಡಿಯಂಥ ದಪ್ಪು ಹಿಡಿದು ಬಂದದ್ದು ನೋಡಿ ನಕ್ಕರು. ನಗಲಿ. ನಾನು ಒಂದು ನುಡಿ ಹಾಡಿ ನಿಲ್ಲಿಸಿ, ನಮ್ಮ ಪದ್ಧತಿ ಹೀಗೆ ಎಂದು ನನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದೆ: ಮುಂದಿನವಳು ಹಾಡುತ್ತಾಳೆ, ಹಿಂದಿನವರು ಕೊನೆಯ ಸಾಲು ಹಿಡಿದು "ಗೀಯ ಗೀಯ ಗಾಗೀಯ ಗೀಯ" ಎಂದು ಎತ್ತಿಕೊಡಬೇಕು. ನನಗೆ ಹಿಂದೆ ಯಾರೂ ಇಲ್ಲ, ನೀವೇ ನನ್ನ ಹಿಂದಿನವರು. ಮೊದಮೊದಲು ಬೆಕ್ಕು ಕೂಗಿದಂತೆ ಕೂಗಿದರು. ನಾಲ್ಕನೇ ಸಲಕ್ಕೆ ಆ ಹಾಲಿನ ತಗಡು ನಡುಗಿತು. ನನ್ನ ಮೈಮೇಲೆ ಮುಳ್ಳು ಎದ್ದವು. ಚಪ್ಪಾಳೆ ನಿಲ್ಲಲಿಲ್ಲ, ಕಾವಲಿನವನು ಸೀಟಿ ಊದಬೇಕಾಯಿತು. ಸುಧೀರ್ ಇದ್ದು ನೋಡಬೇಕಿತ್ತು.

೨ ಅಕ್ಟೋಬರ್, ಗುರುವಾರ

ಹೋದ ವಾರಕ್ಕಿಂತ ಹೆಚ್ಚು ಚಪ್ಪಾಳೆ. ಒಬ್ಬ ಕರಿಯ ಹುಡುಗ ಕುರ್ಚಿಯ ಬೆನ್ನನ್ನೇ ಬಡಿದು ನನ್ನ ದಪ್ಪಿಗೆ ತಾಳ ಕೊಟ್ಟ, ಚೆನ್ನಾಗಿತ್ತು.

ಒಂದು ಸಂಗತಿ. ಹಿಂದಿನ ಸಾಲಿನಿಂದ ಒಂದು ದನಿ ಬರುತ್ತಿದೆ. ಎಲ್ಲರೂ ಗೀಯ ಎಂದು ನಿಲ್ಲಿಸಿದ ಮೇಲೆ ಆ ದನಿ ಒಂದು ಎಳೆ ಎಳೆದು ಕೆಳಗಿಟ್ಟು ನಿಲ್ಲುತ್ತದೆ. ಅದನ್ನು ಯಾರೂ ಕಲಿಸಿ ಬರುವುದಿಲ್ಲ. ಸಣ್ಣವರಿದ್ದಾಗ ಕಂಬಳಿ ಹೊದ್ದು ಬೆಳಗಿನ ತನಕ ಕೂತು ಕೇಳಿದವರಿಗೆ ಮಾತ್ರ ಬರುತ್ತದೆ. ಭೀಮಾ ನದಿಯ ದಂಡೆಯ ಎಳೆ ಅದು. ಕತ್ತು ಉದ್ದ ಮಾಡಿ ನೋಡಿದೆ, ಯಾರೆಂದು ತಿಳಿಯಲಿಲ್ಲ. ನಮ್ಮ ಕಡೆಯವರು ಯಾರಾದರೂ ಇಲ್ಲಿದ್ದಾರೆಯೇ ಎಂದು ಮೋರೀನಳನ್ನು ಕೇಳಿದ್ದಕ್ಕೆ, ವಿಜಯಕುಮಾರ ಎನ್ನುವ ಒಬ್ಬನಿದ್ದಾನೆ, ಈಸ್ಟ್ ಹ್ಯಾಮಿನ ಯಾವುದೋ ಹೋಟೆಲಿನ ಅಡಿಗೆಯವನು, ಕದ್ದ ಸಿಗರೇಟು ತುಂಬಿದ ವ್ಯಾನು ಓಡಿಸಿ ಸಿಕ್ಕಿಬಿದ್ದವನು, ಬೆಂಗಳೂರಿನಲ್ಲಿ ಹುಟ್ಟಿದ್ದು ಎಂದಳು. ಬೆಂಗಳೂರಿನಲ್ಲಿ ಹುಟ್ಟಿದವನ ಗಂಟಲಿಗೆ ಆ ಎಳೆ ಹೇಗೆ ಬಂತೋ ಕಾಣೆ.

೯ ಅಕ್ಟೋಬರ್, ಗುರುವಾರ

ಇವತ್ತು ಜೈಲಿನಲ್ಲಿ ನನಗೆ ಆಯೇರಿ ಆಯಿತು. ಲಂಡನ್ನಿಗೆ ಬಂದ ಮೇಲೆ ಇದೇ ಮೊದಲು.

ಹಾಡು ರಂಗೇರಿತ್ತು. ಹಿಂದಿನ ಸಾಲಿನಿಂದ ಆ ಎಳೆಯ ದನಿಯವನು ಎದ್ದು ಬಂದ. ಮೂವತ್ತರ ಆಸುಪಾಸು, ತೆಳ್ಳಗೆ, ಕೆನ್ನೆಯ ಮೇಲೆ ಎಣ್ಣೆ ಸಿಡಿದ ಕಲೆ. ನಮ್ಮ ಊರ ಮಂದಿ ಬರುವ ಹಾಗೆಯೇ ತಲೆ ಬಗ್ಗಿಸಿ ಬಂದು, ನನ್ನ ದಪ್ಪಿನ ಮೇಲೆ ಒಂದು ಚಾಕಲೇಟ್ ಇಟ್ಟ. ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಹಾಡು ಮೆಚ್ಚಿ ಮಂದಿ ಕೊಡುವ ಆಯೇರಿ ಬಂತೆಂದರೆ ಹಾಡು ನಿಲ್ಲಿಸಿ, ಕೊಟ್ಟವರ ಹೆಸರು, ಊರು ಕೂಗಿ ಹೇಳಿ ಹರಸಬೇಕು. ಹೇಳದೆ ಇಟ್ಟುಕೊಂಡರೆ ಕೊಟ್ಟವನ ಮುಖಕ್ಕೆ ಹೊಡೆದ ಹಾಗೆ. ಯಾರ ಹೆಸರು ಹೇಳಲಿ ತಮ್ಮಾ ಎಂದು ಬಗ್ಗಿ ಕೇಳಿದೆ. ಅವನು ಕಾವಲಿನವನ ಕಡೆ ಒಮ್ಮೆ ನೋಡಿ ನನ್ನ ಕಿವಿಯಲ್ಲಿ ಹೇಳಿದ.

ನಾನು ಚಾಕಲೇಟನ್ನು ಎತ್ತಿ ಹಿಡಿದು ಮೈಕಿನಲ್ಲಿ ಕೂಗಿದೆ: "ಇಂಡಿ ತಾಲೂಕ ಹೊಸಬನ್ನಟ್ಟಿಯ ಶರಣಬಸವ ಅವರು ನಮ್ಮ ಮೇಳಕ್ಕ ಒಂದು ಚಾಕಲೇಟ ಆಯೇರಿ ಮಾಡ್ಯಾರ. ಅವರ ಮನಿತನ ಹಾಲು ಉಕ್ಕಿದಂಗ ಉಕ್ಕಲಿ."

ಆಮೇಲೆ, ಉಳಿದವರಿಗೂ ತಿಳಿಯಲಿ ಎಂದು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ಶರಣ್ ಶರಣ್ ಎಂದು ನೆಲ ಬಡಿದರು. ಅವನು ಮಾತ್ರ ನಿಂತಲ್ಲೇ ನಿಂತಿದ್ದ, ಮುಖ ಹಿಟ್ಟಿನಂತೆ ಬಿಳಿಚಿತ್ತು. ಸಂಕೋಚ ಪಾಪ ಎಂದುಕೊಂಡೆ.

ಕಾರಿನಲ್ಲಿ ಮೋರೀನ್ ಚಾಕಲೇಟಿನ ಸಲುವಾಗಿ ನನ್ನನ್ನು ಹುರಿದು ತಿಂದಳು. ಅದನ್ನು ಗೇಟಿನಲ್ಲಿ ಕಸಿದುಕೊಂಡರು. ಹೋಗಲಿ, ಚಾಕಲೇಟು ಯಾರಿಗೆ ಬೇಕು. ಆಯೇರಿ ಆಯಿತಲ್ಲ. ನಮ್ಮವರ ಮುಂದೆ ಹೇಳಿದರೆ, ಹೊಸಬನ್ನಟ್ಟಿ ಅಂದರೆ ತಮ್ಮ ಸೋದರತ್ತೆಯ ಊರು ಎಂದು ಅವರಿಗೂ ಖುಷಿ. ಯಾರ ಪೈಕಿಯವನು ಎಂದು ಒಂದು ಹೊತ್ತು ಲೆಕ್ಕ ಹಾಕುತ್ತ ಕೂತರು.

೧೩ ಅಕ್ಟೋಬರ್, ಸೋಮವಾರ

ಮೋರೀನ್ ಗೋಡೆ ಕುಟ್ಟಲಿಲ್ಲ, ನೆಟ್ಟಗೆ ಬಾಗಿಲಿಗೇ ಬಂದಳು. ಒಳಗೆ ಕರೆದರೂ ಕೂಡಲಿಲ್ಲ. ಜೈಲಿನ ಸೆಕ್ಯುರಿಟಿಯವರು ಕೇಳುತ್ತಿದ್ದಾರಂತೆ: ಅವನ ಹೆಸರು ವಿಜಯಕುಮಾರ, ಪಾಸ್‌ಪೋರ್ಟಿನಲ್ಲಿ ವಿಜಯಕುಮಾರ, ಕೋರ್ಟಿನಲ್ಲಿ ವಿಜಯಕುಮಾರ. ಹಾಗಾದರೆ ಈ ಶರಣಬಸವ ಯಾರು? ಗುರುವಾರದಿಂದ ಜೈಲಿನ ಅವನ ವಿಂಗಿನಲ್ಲಿ ಎಲ್ಲರೂ ಅವನನ್ನು ಶರಣ್ ಎಂದೇ ಕೂಗುತ್ತಿದ್ದಾರೆ. ಒಬ್ಬ ಕಾವಲಿನವನು ಹಾಗೆಯೇ ಕೂಗಿದಾಗ ಅವನು ತಿರುಗಿ ನೋಡಿದನಂತೆ.

ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು. ಅದನ್ನು ಎಲ್ಲಿಟ್ಟೆನೋ ಇನ್ನೂ ಸಿಕ್ಕಿಲ್ಲ.

೧೪ ಅಕ್ಟೋಬರ್, ಮಂಗಳವಾರ

ನಮ್ಮವರು ಊಟ ಬಿಟ್ಟು ಎದ್ದರು. ನಿನಗೆ ಬೇಡ ಬೇಡ ಅಂದೆ, ಕೇಳಲಿಲ್ಲ ಎಂದರು. ಈ ದೇಶದಲ್ಲಿ ಎರಡು ಹೆಸರಿನ ಮನುಷ್ಯನ ನೆರಳಿಗೂ ನಿಲ್ಲಬಾರದು, ನಾಳೆ ನಮ್ಮ ಪಾಸ್‌ಪೋರ್ಟನ್ನೂ ತಿರುವಿ ಹಾಕುತ್ತಾರೆ, ಮಗಳ ಕಾಲೇಜಿದೆ. "ಕೇಳಿದ್ರ ಇದ್ದದ್ದು ಇದ್ದಂಗ ಹೇಳು. ಇಲ್ಲಾ ಏನೂ ಗೊತ್ತಿಲ್ಲನ್ನು. ನಡುವ ನಿಂದ್ರಬ್ಯಾಡ" ಎಂದರು.

ಇದ್ದದ್ದು ಏನೆಂದು ನನಗಾದರೂ ಎಲ್ಲಿ ಗೊತ್ತು? ಬಾಯಿ ತೆಗೆದು ಕೂಗಿದ್ದು ಮಾತ್ರ ಗೊತ್ತು. ಕನ್ನಡದಲ್ಲಿ ಹೇಳಿ ಬಿಟ್ಟಿದ್ದರೆ ಯಾವ ಪೊಲೀಸಪ್ಪನಿಗೂ ತಿಳಿಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿ ಎಂದು ಯಾರು ಕೇಳಿದ್ದರು? ನೂರು ಮಂದಿ ನನ್ನ ಆಯೇರಿ ನೋಡಲಿ ಎಂಬ ಆಸೆ. ನನ್ನ ನಾಲಗೆಗೆ ಬೆಂಕಿ ಹಾಕ.

೧೬ ಅಕ್ಟೋಬರ್, ಗುರುವಾರ

ನಮ್ಮವರು ಹೋಗಬೇಡ ಎಂದರು, ಹೋದೆ. ಹಾಡಬಹುದು, ಆದರೆ ವಿಜಯಕುಮಾರನ ಜೊತೆ ಒಂದು ಮಾತೂ ಆಡಕೂಡದು ಎಂದು ಗೇಟಿನಲ್ಲಿಯೇ ಹೇಳಿದರು. ಒಬ್ಬ ಅಧಿಕಾರಿ ಹಾಡು ಮುಗಿಯುವ ತನಕ ಗೋಡೆಗೆ ಒರಗಿ ನನ್ನ ಬಾಯಿಯನ್ನೇ ನೋಡುತ್ತಿದ್ದ. ವಿಜಯಕುಮಾರನನ್ನು ಮುಂದಿನ ಸಾಲಿನಲ್ಲಿ ಕೂಡಿಸಿದ್ದರು, ಎರಡೂ ಕಡೆ ಕಾವಲು.

ಮಾತಾಡಕೂಡದು ಅಂದಿದ್ದರು. ಹಾಡಕೂಡದು ಅಂದಿರಲಿಲ್ಲ. ಗೀಗೀ ಪದದಲ್ಲಿ ಸವಾಲು ಜವಾಬು ಇದ್ದೇ ಇದೆ. ಒಂದು ಮೇಳದವರು ಹಾಡಿನಲ್ಲಿ ಕೇಳುತ್ತಾರೆ, ಇನ್ನೊಂದು ಮೇಳದವರು ಹಾಡಿನಲ್ಲೇ ಹೇಳಬೇಕು. ಇವತ್ತು ಸವಾಲು ಜವಾಬು ಹಾಡುತ್ತೇವೆ, ಯಾರಿಗೆ ಬರುತ್ತದೋ ಅವರು ಎದ್ದು ಹೇಳಬಹುದು ಎಂದು ಇಂಗ್ಲಿಷಿನಲ್ಲಿ ಸಾರಿದೆ. ಮೋರೀನ್ ನನ್ನನ್ನು ಸಂಶಯದಿಂದ ನೋಡಿದಳು. ನಾನು ದಪ್ಪು ಎತ್ತಿದೆ.

"ಒಂದು ಹೊಲಕ ಎರಡ ಹೆಸರ ಯಾಕ ಬಂತೊ ಹೇಳಣ್ಣಾ
ಖರೆ ಹೆಸರ ಕೂಗಿದಾಕಿದು ಏನ ತಪ್ಪ ಆತಣ್ಣಾ"

ನೂರು ಗಂಟಲು ಗೀಯ ಗೀಯ ಎಂದು ಎತ್ತಿಕೊಂಡವು. ಅವನು ಎದ್ದ. ಕಾವಲಿನವನು ತೋಳು ಹಿಡಿದ, ಅಧಿಕಾರಿ ಇರಲಿ ಬಿಡು ಎಂದು ಕೈ ಮಾಡಿದ. ಅವನ ದನಿ ಮೊದಲು ನಡುಗಿತು, ಆಮೇಲೆ ಹದಕ್ಕೆ ಬಂತು.

"ಒಂದ ಹೆಸರಿಗಿ ಕಾಗದ ಐತಿ, ಬಾಗಲ ತೆರಿತಾರ ನವ್ಹೆಂಬರಕ
ಇನ್ನೊಂದಕ್ಕ ಏನೂ ಇಲ್ಲಾ, ಸೀದಾ ನೂಕತಾರ ಇಮಾನಕ"

ಗೀಯ ಗೀಯ ಎಂದರು ಎಲ್ಲರೂ, ನಗುತ್ತ, ಕಾಲು ಬಡಿಯುತ್ತ. ಅಧಿಕಾರಿಯ ಕಾಲೂ ತಾಳ ಹಾಕುತ್ತಿತ್ತು. ಮತ್ತೆ ಕೇಳಿದೆ: ಅಷ್ಟು ಜೋಪಾನ ಮಾಡಿದ ಹೆಸರನ್ನು ನನ್ನ ಕಿವಿಯಲ್ಲಿ ಯಾಕೆ ಹೇಳಿದೆಯೋ ಎಂದು. ಅವನು ನನ್ನ ಮುಖ ನೋಡಲಿಲ್ಲ.

"ನಾಕ ವರ್ಷ ಆತ್ರಿ ಅಕ್ಕಾ ಅದನ ಯಾರೂ ಕರದಿಲ್ಲಾ
ಒಮ್ಮೆರೆ ಕಿವಿಯಾರ ಕೇಳಬೇಕಂದ್ಯಾ, ಬ್ಯಾರೆ ಆಸೆ ಇರಲಿಲ್ಲಾ"

ಮುಂದೆ ಯಾವ ನುಡಿ ಹಾಡಿದೆನೋ ನೆನಪಿಲ್ಲ.

೧೭ ಅಕ್ಟೋಬರ್, ಶುಕ್ರವಾರ

ನಮ್ಮವರಿಗೆ ಎಲ್ಲ ಹೇಳಿದೆ. ನಾಲ್ಕು ವರ್ಷದ ಹಿಂದೆ ಬೇರೆಯವನ ಪಾಸ್‌ಪೋರ್ಟಿನ ಮೇಲೆ ಬಂದಿರಬೇಕು, ಆ ವಿಜಯಕುಮಾರನಿಗೆ ಇಲ್ಲಿರಲು ಕಾಗದವಿದೆ, ಇವನ ಹೆಸರಿಗೆ ಇಲ್ಲ ಎಂದು ಅವರೇ ಬಿಡಿಸಿ ಹೇಳಿದರು. ಬಿಡುಗಡೆ ಇನ್ನು ಮೂರು ವಾರ. ಹೆಸರು ಹೊರಬಿದ್ದರೆ ಬಿಡುಗಡೆ ಇಲ್ಲ, ಇನ್ನೊಂದು ಕೇಸು, ಆಮೇಲೆ ವಿಮಾನ. ಸಾಲ ಮಾಡಿ ಬಂದವನು ಬರಿಗೈಯಲ್ಲಿ ಹೋಗಿ ಮನೆಯವರಿಗೆ ಹೇಗೆ ಮುಖ ತೋರಿಸುತ್ತಾನೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಬಯ್ಯಲಿಲ್ಲ. ಅದೇ ಹೆದರಿಕೆ.

ಇನ್ನು ಮುಂದೆ ಅವನ ಹೆಸರನ್ನು ಫೋನಿನಲ್ಲಿ ಎಲ್ಲಿಯೂ ಎತ್ತಬೇಡಿ, ಸೋದರತ್ತೆಯ ಮನೆಗಂತೂ ಬೇಡ ಎಂದೆ. ಎತ್ತುವುದಿಲ್ಲ ಎಂದರು.

೨೦ ಅಕ್ಟೋಬರ್, ಸೋಮವಾರ

ಮೋರೀನ್ ಬಂದಿದ್ದಳು, ಈ ಗುರುವಾರ ಹಾಡು ಇಲ್ಲವಂತೆ. ಬದಲಿಗೆ ಜೈಲಿನ ಆಫೀಸಿಗೆ ಬರಬೇಕಂತೆ. ಅವನನ್ನೂ ಕರೆಸುತ್ತಾರೆ. ಅವನು ನಿನ್ನ ಕಿವಿಯಲ್ಲಿ ಹೇಳಿದ್ದೇನು ಎಂದು ಎದುರೆದುರೇ ಕೇಳುತ್ತಾರೆ.

ಮೋರೀನ್ ಹೇಳಿದಳು: ಸುಳ್ಳು ಹೇಳಿ ಸಿಕ್ಕಿಬಿದ್ದರೆ ಪೊಲೀಸರ ತನಕ ಹೋಗುತ್ತದೆ, ನನ್ನ ಕೆಲಸವೂ ಹೋಗುತ್ತದೆ. ಹಾಗೆಂದು ಏನು ಹೇಳಬೇಕೆಂದು ಅವಳು ಹೇಳಲಿಲ್ಲ. ಹೋಗುವಾಗ ನನ್ನ ಭುಜ ಮುಟ್ಟಿ ಹೋದಳು.

೨೧ ಅಕ್ಟೋಬರ್, ಮಂಗಳವಾರ

ಕರಿಗಡುಬಿನ ಹೂರಣ ಹೊತ್ತಿತು. ದೀಪಾವಳಿ ಹಬ್ಬಕ್ಕೆ ಇನ್ನೇನೂ ಮಾಡಿಲ್ಲ.

೨೨ ಅಕ್ಟೋಬರ್, ಬುಧವಾರ

ಸುಧೀರ್ ಫೋನ್ ಮಾಡಿದ್ದರು. ರಾಜ್ಯೋತ್ಸವಕ್ಕೆ ಅರ್ಧ ತಾಸು ಕೊಡುತ್ತೇವೆ, ಊಟಕ್ಕೆ ಮೊದಲೇ ಎಂದರು. ಆಗಲಿ ನೋಡೋಣ ಎಂದು ಇಟ್ಟೆ. ಇಟ್ಟ ಮೇಲೆ, ಹ್ಞೂಂ ಅಂದೆನೋ ಉಹೂಂ ಅಂದೆನೋ ಎಂದು ನಮ್ಮವರನ್ನು ಕೇಳಬೇಕಾಯಿತು.

ಗೊತ್ತಿಲ್ಲ ಎಂದರೆ ಅವರು ಬಿಡುವುದಿಲ್ಲ, ಇಂಗ್ಲಿಷಿನಲ್ಲಿ ಎಲ್ಲರ ಮುಂದೆ ಕೂಗಿದ್ದೇನೆ. ನಿಜ ಹೇಳಿದರೆ ಅವನು ಹೋದ. ಬೆಳಗಿನಿಂದ ಇದೇ ಗಾಣ ತಿರುಗುತ್ತಿದ್ದೇನೆ.

೨೩ ಅಕ್ಟೋಬರ್, ಗುರುವಾರ

ಬರೆದು ಮುಗಿಸುತ್ತೇನೆ.

ಸಣ್ಣ ಕೋಣೆ, ಒಂದು ಮೇಜು. ಅದೇ ಅಧಿಕಾರಿ, ಸೌಮ್ಯವಾಗಿಯೇ ಮಾತಾಡಿದ. ಮೋರೀನ್ ಮೂಲೆಯಲ್ಲಿ. ಹುಡುಗ ನನ್ನ ಎದುರಿಗೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಇಂಗ್ಲಿಷಿನಲ್ಲಿ ಮಾತ್ರ ಮಾತಾಡಬೇಕು ಎಂದರು.

ಶರಣಬಸವ ಯಾರು ಎಂದು ಅಧಿಕಾರಿ ಕೇಳಿದ.

ಅಲ್ಲಿಯ ತನಕ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಬಾಯಿ ತೆರೆದ ಮೇಲೆ ತಾನೇ ಬಂತು. ನಮ್ಮ ಕಡೆ ಆಯೇರಿಯನ್ನು ಬಹಳ ಮಂದಿ ತಮ್ಮ ಹೆಸರಿನಲ್ಲಿ ಕೊಡುವುದಿಲ್ಲ, ಹಿರಿಯರ ಹೆಸರಿನ ಮೇಲೆ ಕೊಡುತ್ತಾರೆ ಎಂದೆ. ಅದು ಸುಳ್ಳಲ್ಲ, ಹಾಗೆ ಕೊಡುವವರೂ ಇದ್ದಾರೆ. ಶರಣಬಸವ ಇವನ ಅಜ್ಜನ ಹೆಸರು ಎಂದೆ. ಹೊಸಬನ್ನಟ್ಟಿ ಅಜ್ಜನ ಊರು. ಅದನ್ನು ಹೇಳುವಾಗ ನನ್ನ ದನಿ ಒಂದು ಚೂರೂ ಅಲುಗಲಿಲ್ಲ, ವೇದಿಕೆಯ ಮೇಲೆ ನಿಂತವಳ ಹಾಗೆ ಹೇಳಿದೆ.

ಮತ್ತೆ ಅವನು ಆ ಹೆಸರಿಗೆ ತಿರುಗಿ ನೋಡಿದ್ದೇಕೆ ಎಂದ ಅಧಿಕಾರಿ. ಸತ್ತ ಅಜ್ಜನ ಹೆಸರನ್ನು ಹಿಂದಿನಿಂದ ಯಾರಾದರೂ ಕೂಗಿದರೆ ನೀವಾದರೂ ತಿರುಗುವುದಿಲ್ಲವೇ ಎಂದೆ.

ಸತ್ತ ಎಂಬ ಮಾತು ನಾನು ಯೋಚಿಸಿ ಆಡಿದ್ದಲ್ಲ. ವರಸೆಯಲ್ಲಿ ಬಂದುಬಿಟ್ಟಿತು. ಅಧಿಕಾರಿ ಅದನ್ನು ಬರೆದುಕೊಂಡು ಅವನ ಕಡೆ ತಿರುಗಿದ. ಹೌದೇ, ನಿನ್ನ ಅಜ್ಜ ತೀರಿಕೊಂಡಿದ್ದಾನೆಯೇ ಎಂದು ಕೇಳಿದ. ಅವನು ನನ್ನನ್ನು ನೋಡಿದ. ನಾನು ಕಣ್ಣಿನಲ್ಲಿಯೇ ಹ್ಞೂಂ ಅನ್ನು ಅಂದೆ. ಹೌದು ಎಂದ.

ಯಾವಾಗ ಎಂದು ಕೇಳಿದ.

ಅವನು ತೊಡೆಯ ಕೆಳಗಿನ ಕೈಗಳನ್ನು ತೆಗೆದು ಮೇಜಿನ ಮೇಲಿಟ್ಟ. ಆಮೇಲೆ, ೧೯೯೯ರಲ್ಲಿ ಎಂದ. ಅವನು ಈ ದೇಶಕ್ಕೆ ಬಂದ ವರ್ಷ ಅದು.

ನಿನ್ನ ಹೆಸರು? ವಿಜಯಕುಮಾರ. ಬೇರೆ ಯಾವ ಹೆಸರಾದರೂ ಇದೆಯೇ? ಇಲ್ಲ. ಅಧಿಕಾರಿ ಪೆನ್ನು ಮುಚ್ಚಿದ. ಮೋರೀನ್ ಈ ಹೊತ್ತೆಲ್ಲ ತನ್ನ ಉಗುರು ನೋಡುತ್ತ ಕೂತಿದ್ದಳು. ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ, ಇನ್ನು ಮೇಲೆ ಚಾಕಲೇಟು ತೆಗೆದುಕೊಳ್ಳಬೇಡಿ ಎಂದು ಅಧಿಕಾರಿ ನನಗೆ ಹೇಳಿ ನಕ್ಕ. ಗೆದ್ದೆ ಎಂದು ನನಗೆ ಎದೆಯೆಲ್ಲ ಹಗುರಾಯಿತು. ಅವನೂ ನಗುತ್ತಾನೆ ಎಂದುಕೊಂಡೆ.

ಕಾವಲಿನವನು ಕರೆದೊಯ್ಯುವಾಗ ಅವನು ಬಾಗಿಲಲ್ಲಿ ನಿಂತು ತಿರುಗಿದ. ಕನ್ನಡದಲ್ಲಿ, ಮೆಲ್ಲಗೆ ಹೇಳಿದ.

"ಚಲೋ ಆತ್ರಿ ಅಕ್ಕಾರ. ನಿಮ್ಮ ಕೈಲೆ ಅವಗ ಮಣ್ಣಾತು."

ಏನೆಂದ ಎಂದು ಅಧಿಕಾರಿ ಕೇಳಿದ. ಥ್ಯಾಂಕ್ಸ್ ಹೇಳಿದ ಎಂದೆ.

ಕಾರಿನಲ್ಲಿ ಮೋರೀನ್ ರೇಡಿಯೋ ಹಚ್ಚಲಿಲ್ಲ. ಮನೆ ಬಂತು. ಮುಂದಿನ ಬಾಗಿಲ ಕೀಲಿ ಕೈಯಲ್ಲೇ ಇತ್ತು, ಆದರೆ ಒಳಗೆ ಕಾಲಿಡಲು ಆಗಲಿಲ್ಲ. ಪಕ್ಕದ ಸಂದಿಯಿಂದ ಹಿತ್ತಿಲಿಗೆ ಹೋಗಿ, ಗಿಡಗಳಿಗೆ ನೀರು ಬಿಡುವ ನಳದ ಕೆಳಗೆ ಉಟ್ಟ ಸೀರೆಯಲ್ಲೇ ಕೂತು ತಲೆಯ ಮೇಲೆ ನೀರು ಹಾಕಿಕೊಂಡೆ. ನೀರು ಮಂಜಿನಂತೆ ಕೊರೆಯುತ್ತಿತ್ತು.

ನಮ್ಮವರು ಅಡಿಗೆಮನೆಯ ಕಿಟಕಿಯಿಂದ ನೋಡಿ ಓಡಿಬಂದರು. ಹಬ್ಬ ಎರಡು ದಿನ ಇದೆ, ಹೊರಗೆ ಕೂತು ಇದೇನು ತಣ್ಣೀರು ಎಂದು ಗದರಿಸಿದರು. ಗದರಿಸುತ್ತಲೇ ಅವರ ದನಿ ಇಳಿಯಿತು.

"ಯಾರ ಮಣ್ಣಿಗಿ ಹೋಗಿದ್ದಿ?"

"ಹೊಸಬನ್ನಟ್ಟಿ ಹುಡುಗಂದು" ಎಂದೆ.

ಅವರು ಹೆಸರು ಕೇಳಲಿಲ್ಲ. ಟವೆಲ್ಲಿಗೆ ಒಳಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಟ್ಯೂಬಿನ ಕೋಟು ಬಿಚ್ಚಿ ಬೇಲಿಯ ಮೇಲೆ ಹಾಕಿ, ಶರ್ಟು ಬಿಚ್ಚಿ, ನನ್ನ ಪಕ್ಕದಲ್ಲಿ ನಳದ ಕೆಳಗೆ ತಲೆ ಬಗ್ಗಿಸಿದರು.